ತಲಕಾವೇರಿ ದಾರಿಗೆ ಒಡೆಯದ, ತುಟಿ ಸುಡದ ಲೋಟ ಯಾವುದು?

ನೀರ್ಚಾಲಿನ ತೋಟದಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡಿನ ನೀರ್ಚಾಲು ಕಡೆ. ಡಿಸೆಂಬರಿನಲ್ಲಿ ಮನೆಯವರೆಲ್ಲ ಸೇರಿ ಆರು ಜನ ಜೀಪಿನಲ್ಲಿ ತಲಕಾವೇರಿಗೆ ಹೊರಟಿದ್ದೇವೆ. ಬದಿಯಡ್ಕ, ಮುಳ್ಳೇರಿಯ, ಬಂದಡ್ಕ ಆಗಿ ಪಾಣತ್ತೂರು. ಅಲ್ಲಿಂದ ಘಾಟಿ ಹತ್ತಿ ಕರಿಕೆ, ಭಾಗಮಂಡಲ. ಕರಿಕೆಯಲ್ಲಿ ಪರಿಚಯದವರ ತೋಟ ಇದೆ. ಒಂದು ರಾತ್ರಿ ಅವರ ಅಂಗಳದಲ್ಲಿ ಟೆಂಟ್ ಹಾಕುತ್ತೇವೆ. ಮಕ್ಕಳು ಈಗಲೇ ದಿನ ಎಣಿಸುತ್ತಿದ್ದಾರೆ.

ಟೆಂಟು, ಗ್ಯಾಸಿನ ಸಣ್ಣ ಒಲೆ, ಚಾಪೆ ಎಲ್ಲ ಆಯಿತು. ಲೋಟ ಮಾತ್ರ ಆಗಿಲ್ಲ. ಒಂದು ಲೋಟಕ್ಕೆ ಇಷ್ಟು ಯೋಚನೆ ಯಾಕೆ ಅಂತ ಅನಿಸಬಹುದು. ಯೋಚನೆ ನಮ್ಮ ಅತ್ತೆಯದ್ದು. ಅವರಿಗೆ 76 ವರ್ಷ. ತಲಕಾವೇರಿ ಒಮ್ಮೆ ನೋಡಬೇಕು ಅಂತ ನಾನು ಈ ಮನೆಗೆ ಬಂದಾಗಿನಿಂದ ಹೇಳುತ್ತಿದ್ದಾರೆ. ತುಲಾ ಸಂಕ್ರಮಣದ ದಿನ ತೀರ್ಥೋದ್ಭವಕ್ಕೇ ಹೋಗಬೇಕೆಂಬ ಆಸೆ. ಆ ಜನಸಂದಣಿಯಲ್ಲಿ ಅವರನ್ನು ಕರೆದುಕೊಂಡು ಹೋಗುವ ಧೈರ್ಯ ನನಗಿಲ್ಲ. ಹಾಗಾಗಿ ಡಿಸೆಂಬರು.

ಅತ್ತೆ ಚಾ, ಕಾಪಿ ಮುಟ್ಟುವವರಲ್ಲ. ಕೊತ್ತಂಬರಿ, ಜೀರಿಗೆ, ಚೂರು ಮೆಂತೆ ಹುರಿದು ಪುಡಿ ಮಾಡಿದ ಕಷಾಯವೇ ಆಗಬೇಕು. ಬೆಲ್ಲ ಹಾಕಿ, ಹಾಲು ಹಾಕಿ, ಬಿಸಿಬಿಸಿಯಾಗಿ. ತಣಿದರೆ ಬದಿಗೆ ಇಟ್ಟುಬಿಡುತ್ತಾರೆ. ಎರಡು ವರ್ಷದಿಂದ ಅವರ ಕೈ ನಡುಗುತ್ತದೆ. ಮನೆಯಲ್ಲಾದರೆ ಮೇಜಿನ ಮೇಲೆ ಲೋಟ ಇಟ್ಟು, ಎರಡೂ ಕೈಯಲ್ಲಿ ಹಿಡಿದು, ಸ್ವಲ್ಪ ಬಗ್ಗಿ ಕುಡಿಯುತ್ತಾರೆ. ದಾರಿ ಬದಿಯ ಕಲ್ಲಿನ ಮೇಲೆ ಕೂತಾಗ ಮೇಜು ಎಲ್ಲಿಂದ ಬರಬೇಕು?

ಕಳೆದ ವರ್ಷ ರಾಣಿಪುರಕ್ಕೆ ಹೋಗಿದ್ದೆವು. ನಾವು ಗುಡ್ಡ ಹತ್ತಿ ಬರುವವರೆಗೆ ಅತ್ತೆ ಜೀಪಿನಲ್ಲೇ ಕೂತಿದ್ದರು. ಆಗ ಆನ್‌ಲೈನಿನಲ್ಲಿ ತರಿಸಿದ ಬಿದಿರಿನ ಕಪ್ಪುಗಳಿದ್ದವು. ಚೆಂದ ಇದ್ದವು, ಹಗುರ ಇದ್ದವು. ಇಳಿಯುವಾಗ ಒಂದು ತಿರುವಿನಲ್ಲಿ ಅತ್ತೆಯ ಕೈಯಲ್ಲಿದ್ದ ಕಪ್ಪು ಜೀಪಿನ ಬಾಗಿಲಿಗೆ ತಾಗಿತು. ಮೇಲಿನಿಂದ ಬುಡದವರೆಗೆ ಸೀಳಿತು. ಫ್ಲಾಸ್ಕಿನಿಂದ ಆಗಷ್ಟೇ ಬಗ್ಗಿಸಿದ ಕಷಾಯ ಪೂರಾ ಅವರ ಮಡಿಲಿಗೆ. ಸೀರೆ ಒದ್ದೆಯಾಗಿ ತೊಡೆಗೆ ಅಂಟಿಕೊಂಡಿತು. ಎರಡು ದೊಡ್ಡ ಬೊಕ್ಕೆ ಎದ್ದು ಮಾಯಲು ಮೂರು ವಾರ ಬೇಕಾಯಿತು. ಅವರು ಒಂದು ಮಾತೂ ಆಡಲಿಲ್ಲ. ನನಗೆ ಇವತ್ತಿಗೂ ಅದು ಮನಸ್ಸಿನಿಂದ ಹೋಗಿಲ್ಲ.

ಆಮೇಲೆ ನೋಡಿದ್ದನ್ನೂ ಹೇಳುತ್ತೇನೆ. ಗಾಜಿನ ಗ್ಲಾಸು ಬೇಡವೇ ಬೇಡ. ಬಿಳಿ ಎನಾಮೆಲ್ ಮಗ್ಗು ಒಂದು ತಂದೆ. ಅಂಗಳದ ಕಲ್ಲಿನ ಮೇಲೆ ಒಮ್ಮೆ ಬಿತ್ತು. ಅಂಚಿನಲ್ಲಿ ಚೂರು ಎದ್ದು ಮಳೆಗಾಲ ಮುಗಿಯುವಷ್ಟರಲ್ಲಿ ಅಲ್ಲಿ ತುಕ್ಕು. ಮನೆಯ ಸ್ಟೀಲ್ ಲೋಟ ನೂರು ವರ್ಷ ಬಾಳುತ್ತದೆ, ಆದರೆ ಬಿಸಿ ಹಾಕಿದರೆ ಮೇಲಿನ ಅಂಚನ್ನು ಬೆರಳ ತುದಿಯಲ್ಲೇ ಹಿಡಿಯಬೇಕು. ಕೈ ನಡುಗುವವರಿಗೆ ಅದು ಆಗುವುದಿಲ್ಲ. ಮಾವ ಇದ್ದಾಗ ತೆಂಗಿನ ಗೆರಟೆಯಲ್ಲಿ ಕುಡಿಯುತ್ತಿದ್ದರಂತೆ. ಒಂದು ಗೆರಟೆ ನಯ ಮಾಡಿ ನೋಡಿದೆ. ನಾಲ್ಕೈದು ದಿನ ಬಿಸಿ ಹಾಕಿ, ತೊಳೆದು, ಬಿಸಿಲಿಗೆ ಇಟ್ಟ ಮೇಲೆ ಕೂದಲೆಳೆಯಷ್ಟು ಬಿರುಕು ಬಿತ್ತು. ಅಡಿಕೆ ಹಾಳೆಯ ಬಟ್ಟಲು ಒಂದು ಸಲಕ್ಕೆ ಸರಿ, ಪ್ರವಾಸಕ್ಕೆ ಅಲ್ಲ.

ಈಗ ಪೇಟೆಯಲ್ಲಿ ಮೂರು ಬಗೆ ಕಾಣುತ್ತಿದೆ. ಎರಡು ಪದರದ ಸ್ಟೀಲ್ ಮಗ್ಗು, ಒಂದೇ ಪದರದ ದಪ್ಪ ಸ್ಟೀಲ್ ಮಗ್ಗು, ಮತ್ತೆ ಆನ್‌ಲೈನಿನಲ್ಲಿ ಟೈಟೇನಿಯಂ. ಬಿದ್ದರೆ ಒಡೆಯಬಾರದು, ತುಟಿ ಸುಡಬಾರದು, ಕಷಾಯ ಬೇಗ ತಣಿಯಬಾರದು, ತಣಿದರೆ ಹಾಗೇ ಒಲೆಯ ಮೇಲೆ ಇಡುವ ಹಾಗಿರಬೇಕು. ಇಷ್ಟೂ ಇರುವ ಲೋಟ ಇದೆಯಾ? ಬಳಸಿ ನೋಡಿದವರು ದಯವಿಟ್ಟು ಹೇಳಿ.

ತಾಳವಾಡಿ ಗಾಡಿ

ಅಕ್ಕಾ, ನಮಸ್ಕಾರ. ನಾನು ತಾಳವಾಡಿಯಿಂದ ಮೆಟ್ಟುಪಾಳ್ಯದ ಮಾರ್ಕೆಟ್ಟಿಗೆ ಕೋಸು ಸಾಗಿಸುವವನು. ದಿಂಬಂ ಘಾಟಿಯ 27 ತಿರುವು ಇಳಿದು ಹತ್ತುವುದೇ ನನ್ನ ಬದುಕು. ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ಲಾರಿ ಬಿಡುವುದಿಲ್ಲ. ಹೊತ್ತಾದರೆ ಚೆಕ್‌ಪೋಸ್ಟಿನ ಹತ್ತಿರವೇ ರಾತ್ರಿ ಕಳೆಯಬೇಕು. ಒಲೆ, ಚಾ ಪುಡಿ, ಲೋಟ ಯಾವಾಗಲೂ ಗಾಡಿಯಲ್ಲೇ ಇರುತ್ತವೆ.

ಒಂದು ವಿಷಯ ಮೊದಲೇ ಹೇಳುತ್ತೇನೆ, ಇದನ್ನು ಮರೆಯಬೇಡಿ. ಎರಡು ಪದರದ ಲೋಟವನ್ನು ಯಾವತ್ತೂ ಒಲೆ ಮೇಲೆ ಇಡಬೇಡಿ. ನಾನು ಇಟ್ಟಿದ್ದೆ. ಸಂತೆಯಲ್ಲಿ ಕಡಿಮೆ ಬೆಲೆಗೆ ಸಿಕ್ಕಿದ ಲೋಟ. ಅದರ ಅಂಚಿನಲ್ಲಿ ಸೂಜಿ ಮೊನೆಯಷ್ಟು ತೂತು ಇತ್ತು ಅಂತ ಆಮೇಲೆ ಗೊತ್ತಾಯಿತು. ತೊಳೆದಾಗಲೆಲ್ಲ ಆ ತೂತಿನಿಂದ ನೀರು ಎರಡು ಪದರದ ನಡುವೆ ಹೋಗಿ ನಿಂತಿತ್ತು. ಚಾ ತಣಿಯಿತು ಅಂತ ಉರಿಯ ಮೇಲೆ ಇಟ್ಟೆ. ಒಳಗಿನ ನೀರು ಆವಿಯಾಯಿತು, ಹೋಗಲು ದಾರಿ ಸಾಲಲಿಲ್ಲ. ಬುಡ ಉಬ್ಬಿ ಪಟಾಕಿ ಹೊಡೆದ ಹಾಗೆ ಸಿಡಿಯಿತು. ಚಾ ಪೂರಾ ಗಾಡಿ ಮೇಲೆ. ನಾನು ಆಗ ನೀರು ತರಲು ಎದ್ದಿದ್ದೆ, ಅದಕ್ಕೆ ಮುಖ ಉಳಿಯಿತು. ನೀರು ಹೋಗದೆ ಗಟ್ಟಿ ಮುಚ್ಚಿದ್ದರೂ ಅಷ್ಟೇ, ಒಳಗಿನ ಗಾಳಿ ಕಾದರೂ ಸಾಕು, ಬುಡ ಎದ್ದು ಬರುತ್ತದೆ.

ಕೊಳ್ಳುವಾಗ ಲೋಟವನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ. ಒಳಗೆ ಏನಾದರೂ ಕುಲುಕಿದರೆ ಬಿಟ್ಟುಬಿಡಿ. ಅಂಗಡಿಯವರು ಒಪ್ಪಿದರೆ ಕುದಿಯುವ ನೀರು ಹಾಕಿ ಐದು ನಿಮಿಷ ಬಿಟ್ಟು ಹೊರಗೆ ಮುಟ್ಟಿ ನೋಡಿ. ನಡುವೆ ಗಾಳಿ ತೆಗೆದಿರುವ ಲೋಟ ಹೊರಗೆ ತಣ್ಣಗೇ ಇರುತ್ತದೆ. ಬೆಚ್ಚಗಾದರೆ ಬರೀ ಎರಡು ತಗಡು ಜೋಡಿಸಿದ್ದು, ಇಲ್ಲವೇ ಒಳಗೆ ಗಾಳಿ ಹೋಗಿಬಿಟ್ಟಿದೆ.

ಈಗ ನನ್ನ ಹತ್ತಿರ ಇರುವುದು ಒಂದೇ ಪದರದ್ದು, ಹಿಡಿ ಇರುವುದು. ಏಳು ವರ್ಷ ಆಯಿತು. ಎರಡು ಕಡೆ ನೆಗ್ಗಿದೆ, ಅಷ್ಟೇ. ತಣಿದರೆ ಉರಿಯ ಮೇಲೆ ಇಡುತ್ತೇನೆ. ಅಮ್ಮನಿಗೆ ಇದು ಆಗುತ್ತದೋ ಇಲ್ಲವೋ ನೀವು ನೋಡಿ. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಕುಂಬಳೆ ಪಾತ್ರೆಯಂಗಡಿ

ಅಕ್ಕ, ನಮ್ಮ ತಂದೆಯ ಕಾಲದಿಂದ ಕುಂಬಳೆಯಲ್ಲಿ ಪಾತ್ರೆ ಅಂಗಡಿ. ನೀವು ಕೇಳಿದ ನಾಲ್ಕೂ ಗುಣ ಒಂದೇ ಲೋಟದಲ್ಲಿ ಸಿಗುವುದಿಲ್ಲ. ಬಿಸಿ ಉಳಿಯಬೇಕಾದರೆ ಎರಡು ಪದರ ಬೇಕು, ಉರಿಗೆ ಇಡಬೇಕಾದರೆ ಒಂದೇ ಪದರ ಇರಬೇಕು. ತಾಳವಾಡಿಯವರು ಹೇಳಿದ್ದು ಅಕ್ಷರಶಃ ನಿಜ. ನಾನು ಗಿರಾಕಿಗಳಿಗೆ ಇದನ್ನೇ ಹೇಳುತ್ತೇನೆ: ಬಿಸಿ ಕಾಯುವುದು ಫ್ಲಾಸ್ಕಿನ ಕೆಲಸ. ಲೋಟಕ್ಕೆ ಆ ಕೆಲಸ ಕೊಡಬೇಡಿ. ಒಂದು ಒಳ್ಳೆಯ ಫ್ಲಾಸ್ಕು, ಅದರ ಜೊತೆ ದಪ್ಪ ಸ್ಟೀಲಿನ ಸಾದಾ ಲೋಟ. ಒಂದು ಸಲಕ್ಕೆ ಅರ್ಧ ಲೋಟ ಬಗ್ಗಿಸಿ. ಮುಗಿದ ಮೇಲೆ ಮತ್ತೆ ಅರ್ಧ. ತಣಿಯುವ ಮಾತೇ ಇಲ್ಲ, ಚೆಲ್ಲುವುದೂ ಕಡಿಮೆ.

ಫ್ಲಾಸ್ಕಿನ ಉಪಾಯ ಹಳೆಯದು. 1892ರಲ್ಲಿ ಜೇಮ್ಸ್ ಡ್ಯೂವರ್ ಎಂಬ ಸ್ಕಾಟ್ಲೆಂಡಿನ ವಿಜ್ಞಾನಿ ಮಾಡಿದ್ದು. ಅವರಿಗೆ ಬೇಕಾಗಿದ್ದುದು ತಣ್ಣಗಿನ ದ್ರವ ಅನಿಲವನ್ನು ತಣ್ಣಗೇ ಇಡುವುದು. ಎರಡು ಗೋಡೆಯ ನಡುವೆ ಗಾಳಿಯೇ ಇಲ್ಲದಿದ್ದರೆ ಶಾಖ ದಾಟಲು ದಾರಿ ಕಮ್ಮಿ. ಒಳಗಿದ್ದುದು ಬಿಸಿಯಾದರೂ ಅಷ್ಟೇ, ತಣ್ಣಗಾದರೂ ಅಷ್ಟೇ.

ಈಗ ಸ್ಟೀಲಿನ ವಿಷಯ. ಅಂಗಡಿಯಲ್ಲಿ ಎಲ್ಲವೂ ಒಂದೇ ಥರ ಹೊಳೆಯುತ್ತವೆ. ಬುಡದಲ್ಲಿ 304 ಅಥವಾ 18/8 ಅಂತ ಇದೆಯಾ ನೋಡಿ. ನೂರರಲ್ಲಿ 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಅಂತ ಅರ್ಥ. ಕ್ರೋಮಿಯಂ ಗಾಳಿ ತಾಗಿ ಕಣ್ಣಿಗೆ ಕಾಣದ ಒಂದು ಪೊರೆ ಕಟ್ಟುತ್ತದೆ. ತುಕ್ಕು ತಡೆಯುವುದು ಆ ಪೊರೆಯೇ. ಗೀರು ಬಿದ್ದರೂ ಅದು ತಾನಾಗಿ ಮತ್ತೆ ಕಟ್ಟಿಕೊಳ್ಳುತ್ತದೆ. ಎನಾಮೆಲ್ಲಿಗೆ ಆ ಗುಣ ಇಲ್ಲ. ಅದು ಸುಮಾರು 800 ಡಿಗ್ರಿಯಲ್ಲಿ ಕಬ್ಬಿಣದ ತಗಡಿನ ಮೇಲೆ ಕರಗಿಸಿ ಕೂರಿಸಿದ ಗಾಜು. ಗಾಜು ಎದ್ದರೆ ಒಳಗಿನ ಕಬ್ಬಿಣ ಬತ್ತಲೆ. ನಿಮ್ಮ ಮಗ್ಗಿನಲ್ಲಿ ಚೂರು ಎದ್ದಿದ್ದು ಒಳಬದಿಯಲ್ಲಾದರೆ ಅದರಲ್ಲಿ ಕುಡಿಯಬೇಡಿ, ಗಾಜಿನ ಚೂರು ಹೊಟ್ಟೆಗೆ ಹೋದೀತು.

202 ಅಂತ ಇನ್ನೊಂದು ಬಗೆ ಇದೆ. ಅದರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿರುತ್ತಾರೆ. ಬೆಲೆ ಕಡಿಮೆ. ಘಟ್ಟದ ಮೇಲಿನವರಿಗೆ ಅದು ಸಾಕು. ನಮ್ಮ ಕುಂಬಳೆಯ ಉಪ್ಪುಗಾಳಿಗೆ ಅದರ ಮೇಲೆ ಕಂದು ಚುಕ್ಕೆ ಬೀಳುವುದನ್ನು ನಾನೇ ನೋಡಿದ್ದೇನೆ. ಕೆಲವರು ಅಯಸ್ಕಾಂತ ಹಿಡಿದುಕೊಂಡು ಬರುತ್ತಾರೆ, ಅಂಟದಿದ್ದರೆ 304 ಅಂತ ಅವರ ಲೆಕ್ಕ. ಅದು ಸರಿಯಲ್ಲ. 202ಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಇನ್ನೊಂದು ಕಡೆ, ಒಳ್ಳೆಯ 304ನ್ನೂ ಜೋರಾಗಿ ಒತ್ತಿ ಆಕಾರ ಕೊಟ್ಟಿದ್ದರೆ ಅಂಚಿನಲ್ಲಿ ಸ್ವಲ್ಪ ಅಂಟಬಹುದು. ಬಿಲ್ಲು ಕೊಡುವ, ಬುಡದಲ್ಲಿ ಗುರುತು ಇರುವ ಮಾಲು ಕೊಂಡುಕೊಳ್ಳಿ.

ತುಟಿ ಸುಡುವ ವಿಷಯ. ಅಲ್ಯೂಮಿನಿಯಂ ಬೇಡ. ಸ್ಟೀಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಬೇಗ ಶಾಖ ಸಾಗಿಸುತ್ತದೆ. ಚಾ ಕುಡಿಯುವ ಹದಕ್ಕೆ ಬಂದಿದ್ದರೂ ಅಂಚು ಸುಡುತ್ತದೆ. ಮೇಲಾಗಿ ಲಿಂಬೆ ಹಿಂಡಿದ ಚಾ ಹಾಕಿದರೆ ಲೋಹವನ್ನೇ ತಿನ್ನುತ್ತದೆ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಗೂ ಅದೇ ಮಾತು. ಸ್ಟೀಲು ಲೋಹಗಳಲ್ಲಿ ನಿಧಾನದ್ದು. ಅಂಚನ್ನು ಹೊರಗೆ ಸುರುಳಿ ಮಾಡಿದ್ದರೆ ಸುರುಳಿಯೊಳಗೆ ಗಾಳಿ ನಿಲ್ಲುತ್ತದೆ. ತುಟಿಗೆ ಚುರುಕು ಕಮ್ಮಿ. ಬರೀ ಕತ್ತರಿಸಿ ಬಿಟ್ಟ ಚೂಪು ಅಂಚಿನದ್ದು ಬೇಡ.

ಹಿಡಿಯನ್ನು ಗಮನಿಸಿ ಅಕ್ಕ. ಲೋಟ ಹಾಳಾಗುವುದು ಹಿಡಿ ಕಿತ್ತು ಬಂದಾಗಲೇ. ಎರಡು ಚುಕ್ಕೆ ವೆಲ್ಡಿಂಗ್ ಹೊಡೆದು ಕೂರಿಸಿದ್ದು ನಾಲ್ಕು ಸಲ ಬಿದ್ದರೆ ಅಲುಗುತ್ತದೆ. ಸುತ್ತಲೂ ವೆಲ್ಡಿಂಗ್ ಇರುವುದನ್ನು ಕೇಳಿ. ಅಮ್ಮನಿಗೆ ನಾಲ್ಕೂ ಬೆರಳು ಒಳಗೆ ಹೋಗುವ ಹಿಡಿ ಇರಲಿ. ಎರಡೂ ಬದಿ ಹಿಡಿ ಇರುವ ಸೂಪಿನ ಬಟ್ಟಲು ನನ್ನ ಹತ್ತಿರ ಇದೆ, ಅಗಲ ಬುಡ, ಗಿಡ್ಡ. ಅವರು ಎರಡೂ ಕೈಯಲ್ಲಿ ಹಿಡಿಯುವವರು ಅಂತ ನೀವು ಬರೆದದ್ದು ಓದಿ ಅದೇ ನೆನಪಾಯಿತು.

ನೀರ್ಚಾಲಿನ ತೋಟದಮನೆ

ತಾಳವಾಡಿಯ ತಮ್ಮ, ನಿಮ್ಮ ಮುಖ ಉಳಿದದ್ದು ದೇವರ ದಯೆ. ಓದುವಾಗ ಮೈ ನಡುಗಿತು. ಎರಡು ಪದರದ್ದನ್ನು ಉರಿಗೆ ಇಡಬಾರದು ಅಂತ ನನಗೆ ಗೊತ್ತೇ ಇರಲಿಲ್ಲ. ಕೊಂಡಿದ್ದರೆ ಕರಿಕೆಯಲ್ಲಿ ಖಂಡಿತ ಇಡುತ್ತಿದ್ದೆ.

ಕುಂಬಳೆಯ ಅಣ್ಣ, ಎರಡು ಹಿಡಿಯ ಬಟ್ಟಲು ನೋಡಲು ಈ ವಾರ ಬರುತ್ತೇನೆ. ಮಕ್ಕಳಿಗೂ ನಮಗೂ ಐದು ಸಾದಾ ಮಗ್ಗು ಬೇಕು. ಒಂದರೊಳಗೆ ಒಂದು ಕೂರುವ ಹಾಗಿದ್ದರೆ ಜಾಗ ಉಳಿಯುತ್ತದೆ.

ಜತ್ತದ ವಾರಿ

ಅಕ್ಕಾರ, ಶರಣು. ನಾವು ಮಹಾರಾಷ್ಟ್ರದ ಜತ್ತ ತಾಲೂಕಿನ ಕನ್ನಡದವರು. ಆಷಾಢ ಏಕಾದಶಿಗೆ ಪಂಢರಪುರಕ್ಕೆ ನಡೆದು ಹೋಗುತ್ತೇವೆ. ನಮ್ಮ ದಿಂಡಿಯಲ್ಲಿ, ಅಂದರೆ ಒಟ್ಟಿಗೆ ನಡೆಯುವ ಗುಂಪಿನಲ್ಲಿ, ಹೆಣ್ಣುಮಕ್ಕಳೇ ಜಾಸ್ತಿ. ಲೋಟದ ಬಗ್ಗೆ ನನಗೆ ಇರುವ ಅನುಭವ ನಡೆಯುವವರದ್ದು. ಜೀಪಿನವರಿಗೂ ಉಪಯೋಗ ಆದೀತು.

ದಾರಿಯಲ್ಲಿ ಊರೂರಿನವರು ವಿಠ್ಠಲನ ಹೆಸರಿನಲ್ಲಿ ಚಹಾ ಕೊಡುತ್ತಾರೆ. ಮೊದಲು ನಾವೂ ಕಾಗದದ ಕಪ್ಪಿನಲ್ಲೇ ಕುಡಿಯುತ್ತಿದ್ದೆವು. ನಮ್ಮ ಹಿಂದೆ ರಸ್ತೆಯ ಎರಡೂ ಬದಿ ಬಿಳಿ ಕಪ್ಪುಗಳ ಸಾಲು. ಮಳೆಗೆ ಅವೇ ಹೊಲಕ್ಕೆ ಹರಿದು ಹೋಗುತ್ತಿದ್ದವು. ಕಾಗದ ಅಂದರೂ ಒಳಗೆ ಪ್ಲಾಸ್ಟಿಕ್ಕಿನ ಪೊರೆ ಇರುತ್ತದೆ. ಖರಗ್‌ಪುರದ ಐಐಟಿಯವರು 2020ರಲ್ಲಿ ಪರೀಕ್ಷೆ ಮಾಡಿದ್ದರು. ಅಂಥ ಕಪ್ಪಿನಲ್ಲಿ 100 ಮಿಲಿ ಬಿಸಿ ನೀರು 15 ನಿಮಿಷ ಇದ್ದರೆ ಸುಮಾರು 25,000 ಪ್ಲಾಸ್ಟಿಕ್ ಕಣ ನೀರಿಗೆ ಸೇರುತ್ತವೆ ಅಂತ ಹೇಳಿದರು. ನನ್ನ ಮಗಳು ಅದನ್ನು ಓದಿ ಹೇಳಿದ ವರ್ಷವೇ ನಮ್ಮ ದಿಂಡಿಯಲ್ಲಿ ಎಲ್ಲರೂ ಸ್ಟೀಲ್ ಗ್ಲಾಸು ತಂದೆವು. ಗ್ಲಾಸಿನ ಹಿಡಿಗೆ ದಾರ ಕಟ್ಟಿ ಜೋಳಿಗೆಗೆ ಸಿಗಿಸುತ್ತೇವೆ. ಎಲ್ಲಿ ಚಹಾ ಕೊಟ್ಟರೂ ನಮ್ಮ ಗ್ಲಾಸನ್ನೇ ಮುಂದೆ ಹಿಡಿಯುತ್ತೇವೆ.

ಎರಡು ಮಾತು. ಒಂದು, ಗ್ಲಾಸಿನ ಮೇಲೆ ಹೆಸರು ಹಾಕಿಸಿ. ಎಲ್ಲ ಗ್ಲಾಸೂ ಒಂದೇ ಥರ ಇರುತ್ತವೆ. ನೆಗಡಿ ಬಂದವರ ಗ್ಲಾಸು ಇನ್ನೊಬ್ಬರ ಬಾಯಿಗೆ ಹೋಗುವುದು ತಪ್ಪುತ್ತದೆ. ನಮ್ಮ ಅವ್ವನ ಗ್ಲಾಸಿನ ಮೇಲೆ ಅಪ್ಪನ ಹೆಸರು, ಮದುವೆಯ ತಾರೀಖು ಇದೆ. ಅವ್ವ ಹೋದ ಮೇಲೆ ಅದು ನನ್ನ ಜೋಳಿಗೆಯಲ್ಲಿ ಪಂಢರಪುರಕ್ಕೆ ಬರುತ್ತಿದೆ.

ಇನ್ನೊಂದು, ಬಶಿ, ಅಂದರೆ ಸಾಸರು. ನಮ್ಮ ಕಡೆ ಹಿರಿಯರು ಚಹಾವನ್ನು ಬಶಿಗೆ ಹಾಕಿಕೊಂಡೇ ಕುಡಿಯುತ್ತಾರೆ. ಅಗಲ ಇರುವುದರಿಂದ ಎರಡು ಉಸಿರಿನಲ್ಲಿ ಹದಕ್ಕೆ ಬರುತ್ತದೆ. ನಿಮ್ಮ ಅತ್ತೆಯವರಿಗೆ ಕೈ ನಡುಗುತ್ತದೆ ಅಂದಿರಿ, ಹಾಗಾಗಿ ಬಶಿಯಲ್ಲಿ ಕುಡಿಯುವುದು ಬೇಡ. ಆದರೆ ಲೋಟದ ಕೆಳಗೆ ಒಂದು ಆಳವಾದ ಸ್ಟೀಲ್ ಬಶಿ ಇರಲಿ. ಚೆಲ್ಲಿದ್ದು ಸೀರೆಗೆ ಬೀಳುವುದಿಲ್ಲ. ಅದನ್ನೇ ಮುಚ್ಚಳ ಮಾಡಿಕೊಳ್ಳಬಹುದು.

ಹೊಸೂರು ಸೈಕಲ್

ನಾನು ಹೊಸೂರಿನಿಂದ ಡೆಂಕಣಿಕೋಟೆ ಕಡೆ ಸೈಕಲ್ ತುಳಿಯುವವನು. ನನ್ನದು ಟೈಟೇನಿಯಂ ಮಗ್ಗು, 450 ಮಿಲಿ, ತೂಕ 70 ಗ್ರಾಂ ಆಸುಪಾಸು. ಅಷ್ಟೇ ದೊಡ್ಡ ಸ್ಟೀಲ್ ಮಗ್ಗು ಅದರ ಎರಡು ಪಟ್ಟು ತೂಗುತ್ತದೆ. ತುಕ್ಕು ಹಿಡಿಯುವುದಿಲ್ಲ, ಲೋಹದ ರುಚಿ ಬರುವುದಿಲ್ಲ. ಒಂದೇ ಪದರದ್ದಾದರೆ ನೇರ ಉರಿಗೆ ಇಡಬಹುದು. ನಾಲ್ಕು ವರ್ಷದಲ್ಲಿ ಬಣ್ಣ ನೀಲಿ, ನೇರಳೆಗೆ ತಿರುಗಿದೆ, ಬೇರೇನೂ ಆಗಿಲ್ಲ.

ಆದರೂ ಅಮ್ಮನಿಗೆ ಅದನ್ನು ಕೊಡಿ ಅಂತ ನಾನು ಹೇಳುವುದಿಲ್ಲ. ಗೋಡೆ ತೀರಾ ತೆಳು. ಕುದಿಯುವ ಚಾ ಹಾಕಿದರೆ ಮೊದಲ ಐದು ನಿಮಿಷ ಅಂಚಿಗೆ ತುಟಿ ಇಡಲು ಆಗುವುದಿಲ್ಲ. ನಾನು ಅಂಚಿಗೆ ಸಿಲಿಕೋನಿನ ಒಂದು ಪಟ್ಟಿ ಸಿಗಿಸಿಕೊಂಡಿದ್ದೇನೆ, ಅದರಿಂದ ಚೆನ್ನಾಗಿದೆ. ಆ ಪಟ್ಟಿ ಯಾವ ಮಗ್ಗಿಗೂ ಹೊಂದುತ್ತದೆ. ಸೈಕಲ್ಲಿನವರಿಗೆ ಒಂದೊಂದು ಗ್ರಾಮೂ ಲೆಕ್ಕ. ಜೀಪಿನಲ್ಲಿ ಹೋಗುವವರು ಅಷ್ಟು ದುಡ್ಡು ಹಾಕುವ ಅಗತ್ಯ ಇಲ್ಲ.

ಮಡಚುವ ಸಿಲಿಕೋನ್ ಕಪ್ಪು ಯಾರಾದರೂ ಹೇಳಿದರೆ ಕೇಳಬೇಡಿ. ಶಾಖಕ್ಕೆ ಕರಗುವುದಿಲ್ಲ ನಿಜ, ಆದರೆ ಬಿಸಿ ಹಾಕಿ ಹಿಡಿದರೆ ಮೆತ್ತಗೆ ಒಳಗೆ ಹೋಗುತ್ತದೆ. ನಡುಗುವ ಕೈಗೆ ಅದು ಅಪಾಯ. ನಿನ್ನೆಯ ಕಾಫಿಯ ವಾಸನೆಯನ್ನೂ ಇವತ್ತಿನವರೆಗೆ ಇಟ್ಟುಕೊಳ್ಳುತ್ತದೆ.

ಮಂಜೇಶ್ವರದ ನರ್ಸ್

ಅಕ್ಕಾ, ನಾನು ಮಂಜೇಶ್ವರದವಳು. ಹದಿನೆಂಟು ವರ್ಷದಿಂದ ಆಸ್ಪತ್ರೆಯಲ್ಲಿ ನರ್ಸ್. ನಿಮ್ಮ ಅತ್ತೆಯ ಮಡಿಲಿಗೆ ಚೆಲ್ಲಿದ್ದು ಓದಿ ಸುಮ್ನೆ ಇರಲಾಗಲಿಲ್ಲ.

ವಯಸ್ಸಾದವರ ಚರ್ಮ ತೆಳು. ನಮಗೆ ಬರೀ ಕೆಂಪಾಗುವ ಬಿಸಿಗೆ ಅವರಿಗೆ ಬೊಕ್ಕೆ ಏಳುತ್ತದೆ. ಬಿಸಿ ತಾಗಿದ್ದು ಅವರಿಗೆ ತಡವಾಗಿ ಗೊತ್ತಾಗುವುದೂ ಉಂಟು. ಇನ್ನು ಮುಂದೆ ಹಾಗೇನಾದರೂ ಆದರೆ ಮೊದಲು ಒದ್ದೆ ಬಟ್ಟೆ ಮೈಯಿಂದ ಬಿಡಿಸಿ. ಚರ್ಮಕ್ಕೆ ಅಂಟಿ ಹಿಡಿದಿದ್ದರೆ ಎಳೆಯಬೇಡಿ. ಆಮೇಲೆ 20 ನಿಮಿಷ ಹರಿಯುವ ತಣ್ಣೀರು. ಐಸು ಬೇಡ, ಟೂತ್‌ಪೇಸ್ಟ್ ಬೇಡ, ಬೆಣ್ಣೆ ಬೇಡ. ಜೀಪಿನಲ್ಲಿ ಹತ್ತು ಲೀಟರಿನ ಒಂದು ಕ್ಯಾನು ನೀರು ಇದಕ್ಕಾಗಿಯೇ ಇಟ್ಟುಕೊಳ್ಳಿ. ಆ ಘಾಟಿಯಲ್ಲಿ ನಳ್ಳಿ ಹುಡುಕಿಕೊಂಡು ಹೋಗಲಾಗುವುದಿಲ್ಲ.

ಬಿಸಿ ಹೆಚ್ಚು ಹೊತ್ತು ಉಳಿಯುವ ಲೋಟ ಒಳ್ಳೆಯದು ಅಂತ ಎಲ್ಲರೂ ತಿಳಿದಿರುತ್ತಾರೆ. ಹಿರಿಯರಿಗೆ ಅದರಲ್ಲೇ ಅಪಾಯ ಇದೆ. ಎರಡು ಪದರದ ಲೋಟ ಹೊರಗೆ ತಣ್ಣಗಿರುತ್ತದೆ, ಕೈಗೆ ಎಚ್ಚರಿಕೆ ಸಿಗುವುದಿಲ್ಲ. ಮುಚ್ಚಳದ ಸಣ್ಣ ತೂತಿನಿಂದ ಕುಡಿದರೆ ಒಳಗಿರುವುದು ನೇರ ನಾಲಿಗೆಗೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಇನ್ನೊಂದು ವಿಷಯ ಹೇಳಿದೆ. 65 ಡಿಗ್ರಿಗಿಂತ ಬಿಸಿಯಾದ್ದನ್ನು ಕುಡಿಯುವ ಅಭ್ಯಾಸ ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗುತ್ತದೆ ಅಂತ. ಅತ್ತೆಯನ್ನು ಹೆದರಿಸಲು ಇದನ್ನು ಬರೆದದ್ದಲ್ಲ. ಫ್ಲಾಸ್ಕಿನಿಂದ ಬಗ್ಗಿಸಿದ ಮೇಲೆ ನಾಲ್ಕೈದು ನಿಮಿಷ ಬಿಟ್ಟು ಕೊಡಿ, ಅಷ್ಟೇ. ಆ ದೃಷ್ಟಿಯಿಂದ ಒಂದೇ ಪದರದ ಲೋಟವೇ ಅವರಿಗೆ ಹೆಚ್ಚು ಸೂಕ್ತ. ಲೋಟದ ಹೊರಗಿನಿಂದ ಮುಟ್ಟಿ ನೋಡಿದರೆ ಒಳಗೆ ಎಷ್ಟು ಬಿಸಿ ಇದೆ ಅಂತ ನಿಮಗೂ ಗೊತ್ತಾಗುತ್ತದೆ.

ತೀರಾ ಹಗುರ ಲೋಟ ನಡುಗುವ ಕೈಯಲ್ಲಿ ಜಾಸ್ತಿ ಅಲುಗುತ್ತದೆ. ಕೆಲವರಿಗೆ ಸ್ವಲ್ಪ ಭಾರ ಇದ್ದರೆ ಕೈ ನಿಲ್ಲುತ್ತದೆ. ಅತ್ತೆಯ ಕೈಗೇ ಕೊಟ್ಟು ನೋಡಿ, ಅವರನ್ನು ಕೇಳಿಯೇ ಕೊಳ್ಳಿ. ಕೈ ನಡುಗುವುದನ್ನು ಡಾಕ್ಟರಿಗೆ ತೋರಿಸಿದ್ದೀರಿ ಅಲ್ವಾ? ಥೈರಾಯ್ಡಿನಿಂದಲೂ, ಕೆಲವು ಮಾತ್ರೆಗಳಿಂದಲೂ ಹಾಗೆ ಆಗುವುದುಂಟು. ವಯಸ್ಸು ಅಂತ ಬಿಟ್ಟುಬಿಡಬೇಡಿ.

ನೀರ್ಚಾಲಿನ ತೋಟದಮನೆ

ಎಲ್ಲರಿಗೂ ಎಷ್ಟು ಹೇಳಿದರೂ ಸಾಲದು. ಇವತ್ತು ಅತ್ತೆಯನ್ನೇ ಕರೆದುಕೊಂಡು ಕುಂಬಳೆಗೆ ಹೋಗಿ ಬಂದೆ. ಅಂಗಡಿಯ ಅಣ್ಣ ಸ್ಟೂಲು ಹಾಕಿ ಕೂರಿಸಿ, ಐದಾರು ಬಗೆಯ ಲೋಟಕ್ಕೆ ನೀರು ತುಂಬಿಸಿ ಒಂದೊಂದಾಗಿ ಅವರ ಕೈಗೆ ಕೊಟ್ಟರು. ನರ್ಸ್ ತಂಗಿ ಹೇಳಿದ್ದೇ ಸರಿಯಾಯಿತು. ಹಗುರದ ಲೋಟದಲ್ಲಿ ನೀರು ತುಳುಕಿತು. ಎರಡು ಹಿಡಿಯ ದಪ್ಪ ಬಟ್ಟಲನ್ನು ಹಿಡಿದಾಗ ಕೈ ಪೂರಾ ನಿಲ್ಲಲಿಲ್ಲ, ಆದರೆ ನೀರು ಹೊರಗೆ ಬರಲಿಲ್ಲ. ಅತ್ತೆ ಅದನ್ನು ಕೆಳಗೆ ಇಡಲೇ ಇಲ್ಲ. ಮಡಿಲಲ್ಲಿ ಇಟ್ಟುಕೊಂಡೇ ಕೂತರು.

ಮನೆಗೆ ಬಂದು ಸಂಜೆ ಪರೀಕ್ಷೆ ಮಾಡಿದೆ. ಒಂದೇ ಪಾತ್ರೆಯಿಂದ ಕುದಿಯುವ ಕಷಾಯವನ್ನು ಒಂದೇ ಥರದ ಮೂರು ಮಗ್ಗಿಗೆ ಸಮಸಮ ಹಾಕಿದೆ. ಒಂದು ಹಾಗೇ ಬಿಟ್ಟೆ. ಇನ್ನೊಂದಕ್ಕೆ ಬೈರಾಸು ಮಡಚಿ ಸುತ್ತಿದೆ. ಮೂರನೆಯದಕ್ಕೆ ಸುತ್ತಲಿಲ್ಲ, ಜತ್ತದ ಅಕ್ಕ ಹೇಳಿದ ಹಾಗೆ ಮೇಲೆ ಬಶಿ ಮುಚ್ಚಿದೆ. ಕಾಲು ಗಂಟೆ ಬಿಟ್ಟು ಮನೆಯವರೆಲ್ಲ ಒಂದೊಂದು ಗುಟುಕು ಕುಡಿದು ನೋಡಿದೆವು. ಹಾಗೇ ಬಿಟ್ಟದ್ದು ಉಗುರು ಬೆಚ್ಚಗೆ. ಬೈರಾಸು ಸುತ್ತಿದ್ದು ಅದಕ್ಕಿಂತ ಸ್ವಲ್ಪ ಮೇಲು. ಬಶಿ ಮುಚ್ಚಿದ್ದು ಎಲ್ಲಕ್ಕಿಂತ ಬಿಸಿ! ಬಟ್ಟೆ ಸುತ್ತಿದ್ದೇ ಗೆಲ್ಲುತ್ತದೆ ಅಂತ ನಾನು ಅಂದುಕೊಂಡಿದ್ದೆ. ಮಗಳು ಒಂಬತ್ತನೇ ಕ್ಲಾಸು, ಅವಳು ಬಿಡಿಸಿ ಹೇಳಿದಳು. ಬಿಸಿಯಲ್ಲಿ ಹೆಚ್ಚಿನ ಪಾಲು ಬದಿಯಿಂದ ಹೋಗುವುದಲ್ಲ, ಮೇಲಿನಿಂದ ಆವಿಯಾಗಿ ಹೋಗುವುದು. ಆವಿ ತಡೆದರೆ ಬಿಸಿ ಉಳಿಯುತ್ತದೆ. ಎರಡನ್ನೂ ಒಟ್ಟಿಗೆ ಮಾಡಿದರೆ ಇನ್ನೂ ಒಳ್ಳೆಯದು. ಬೈರಾಸು ಹೇಗೂ ದಾರಿಗೆ ಬೇಕು, ಬಶಿ ಚೆಲ್ಲಿದ್ದನ್ನೂ ಹಿಡಿಯುತ್ತದೆ.

ಅವಳೇ ಇನ್ನೊಂದು ಹೇಳಿದಳು. ತಲಕಾವೇರಿ ಸಮುದ್ರಮಟ್ಟದಿಂದ 1276 ಮೀಟರ್ ಎತ್ತರ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ನೀರು ಕುದಿಯುವ ಬಿಸಿ ಇಳಿಯುತ್ತದೆ. ಅಲ್ಲಿ 96 ಡಿಗ್ರಿಗೇ ಕುದಿಯುತ್ತದೆ. ಅಂದರೆ ಕಷಾಯವನ್ನು ಸ್ವಲ್ಪ ಹೆಚ್ಚು ಹೊತ್ತು ಕುದಿಸಬೇಕು.

ಕೊಂಡದ್ದು ಇಷ್ಟು. ಅತ್ತೆಗೆ ಎರಡು ಹಿಡಿಯ ಬಟ್ಟಲು, ಆಳದ ಬಶಿ ಎರಡು, ನಮಗೆ ಒಂದರೊಳಗೆ ಒಂದು ಕೂರುವ 304ರ ಐದು ಮಗ್ಗು, ಒಂದು ಲೀಟರಿನ ಫ್ಲಾಸ್ಕು. ಅಂಚಿನ ಸಿಲಿಕೋನ್ ಪಟ್ಟಿ ತರಿಸಲು ಹೇಳಿದ್ದೇನೆ. ಡಾಕ್ಟರ ಹತ್ತಿರ ಮುಂದಿನ ಮಂಗಳವಾರಕ್ಕೆ ಸಮಯ ತೆಗೆದುಕೊಂಡಿದ್ದೇವೆ. ತಂಗಿ, ಅದನ್ನು ನೆನಪಿಸಿದ್ದಕ್ಕೆ ನಿಮಗೆ ಋಣಿ.

ಅಣ್ಣ, ಒಂದು ಕೆಲಸ ಬಾಕಿ ಉಳಿಯಿತು. ಜತ್ತದ ಅಕ್ಕನ ಅವ್ವನ ಗ್ಲಾಸಿನ ಕತೆಯನ್ನು ಅತ್ತೆಗೆ ಓದಿ ಹೇಳಿದೆ. ರಾತ್ರಿ ಊಟ ಆದ ಮೇಲೆ ಬಟ್ಟಲು ತಂದು ನನ್ನ ಮುಂದೆ ಇಟ್ಟರು. ಇದರಲ್ಲಿ ಮಾವನ ಹೆಸರು ಹಾಕಿಸಿ ಕೊಡುತ್ತೀಯಾ ಅಂತ ಕೇಳಿದರು. ಅವರಿಬ್ಬರೂ ಜೊತೆಯಲ್ಲಿ ತಲಕಾವೇರಿಗೆ ಹೋಗಬೇಕು ಅಂತ ಇದ್ದರಂತೆ. ನನಗೆ ಇವತ್ತೇ ಗೊತ್ತಾದದ್ದು. ಹೊಸ ಪಾತ್ರೆಗಳ ಮೇಲೆ ನಿಮ್ಮಲ್ಲಿ ಈಗಲೂ ಹೆಸರು ಹಾಕಿ ಕೊಡುತ್ತೀರಾ? ಕನ್ನಡದಲ್ಲಿ ಬೇಕು.

ಕುಂಬಳೆ ಪಾತ್ರೆಯಂಗಡಿ

ಹಾಕಿ ಕೊಡುತ್ತೇನೆ ಅಕ್ಕ. ಮಲಯಾಳ, ಕನ್ನಡ ಎರಡೂ ಬರೆಯುತ್ತೇನೆ, ಕನ್ನಡ ಅಕ್ಷರ ತಂದೆಯವರು ಕಲಿಸಿದ್ದು. ಒಂದೇ ಪದರದ ಬಟ್ಟಲು ಆದ್ದರಿಂದ ಮೆಷಿನ್ ಹಿಡಿಯಲು ಹೆದರಿಕೆ ಇಲ್ಲ. ಒಳಬದಿಯಲ್ಲಿ ಬೇಡ, ಗೀರಿನಲ್ಲಿ ಕಷಾಯದ ಜಿಡ್ಡು ಕೂರುತ್ತದೆ. ಹೊರಗೆ, ಎರಡು ಹಿಡಿಯ ನಡುವೆ ಹಾಕೋಣ, ಕುಡಿಯುವಾಗ ಅವರ ಕೈಗೆ ಅಡಗುವುದಿಲ್ಲ. ಹೆಸರನ್ನು ಅತ್ತೆಯ ಹತ್ತಿರವೇ ಒಂದು ಚೀಟಿಯಲ್ಲಿ ಬರೆಸಿಕೊಂಡು ಬನ್ನಿ, ಒಂದು ಅಕ್ಷರವೂ ತಪ್ಪಬಾರದು. ಬೆಳಿಗ್ಗೆ ಹತ್ತರ ಒಳಗೆ ಬಂದರೆ ಒಳ್ಳೆಯದು, ಆಮೇಲೆ ಕರೆಂಟ್ ಹೋಗುತ್ತಿರುತ್ತದೆ. ಇದಕ್ಕೆ ದುಡ್ಡು ತರಬೇಡಿ.